ವಿಜ್ಞಾನ ಮತ್ತು ಸರ್ಕಾರದ ನೀತಿ: ಉತ್ತರ ಕನ್ನಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಸಿದ್ದಾಪುರ, ಕುಮಟಾ, ಕಾರವಾರಗಳ ಮಾತುಕತೆಗಳಲ್ಲಿಯೂ ಬಂದ ಪತ್ರಗಳಲ್ಲಿಯೂ ಮರಳಿ ಮರಳಿ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಸುಲಭದವು ಮೊದಲು, ಕಠಿಣವಾದವು ಆಮೇಲೆ ಬರುತ್ತವೆ. ಯಾವ ಪ್ರಶ್ನೆಯಿಂದ ಬೇಕಾದರೂ ಓದಲು ತೊಡಗಬಹುದು.

## ಮೊದಲ ಪ್ರಶ್ನೆಗಳು

ನೀತಿ ಮಾಡುವವರು ಮಂತ್ರಿಗಳು, ಅಧಿಕಾರಿಗಳು. ಅದರಲ್ಲಿ ವಿಜ್ಞಾನಕ್ಕೇನು ಕೆಲಸ?

ಮಳೆಗಾಲದ ಮೀನುಗಾರಿಕೆ ನಿಷೇಧವನ್ನೇ ನೋಡೋಣ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಹಲವು ಜಾತಿಯ ಮೀನುಗಳು ಈ ಅವಧಿಯ ಆಸುಪಾಸಿನಲ್ಲಿ ಮೊಟ್ಟೆಯಿಡುತ್ತವೆ ಎಂಬುದು ಊಹೆಯ ಮಾತಲ್ಲ. ದಕ್ಕೆಗೆ ಬಂದ ಮೀನಿನ ಹೊಟ್ಟೆ ಸೀಳಿ, ತತ್ತಿ ಎಷ್ಟು ಬಲಿತಿದೆ ಎಂದು ತಿಂಗಳು ತಿಂಗಳೂ ಬರೆದಿಟ್ಟವರ ಕೆಲಸದಿಂದ ತಿಳಿದದ್ದು. ಆದರೆ ನಿಷೇಧ ಎಷ್ಟು ದಿನ ಇರಬೇಕು, ನಾಡದೋಣಿಯವರಿಗೆ ವಿನಾಯಿತಿ ಬೇಕೇ, ಆ ಎರಡು ತಿಂಗಳು ಬೋಟಿನ ಕೂಲಿಯವನ ಮನೆಯ ಒಲೆ ಹೇಗೆ ಉರಿಯಬೇಕು ಎಂಬುದನ್ನು ಮೀನಿನ ಹೊಟ್ಟೆ ಹೇಳುವುದಿಲ್ಲ. ಅದನ್ನು ಜನ ಕೂತು ಚರ್ಚಿಸಿ ತೀರ್ಮಾನಿಸಬೇಕು. ಹೀಗೆ ಮಾಡಿದರೆ ಹೀಗಾಗುತ್ತದೆ ಎಂದು ವಿಜ್ಞಾನ ಹೇಳಬಲ್ಲದು. ಏನಾಗಬೇಕು ಎಂಬುದನ್ನು ಆರಿಸಿಕೊಳ್ಳುವವರು ನಾವು. ಈ ಎರಡು ಕೆಲಸಗಳನ್ನು ಬೆರೆಸಿದಾಗಲೇ ಹೆಚ್ಚಿನ ಜಗಳಗಳು ಹುಟ್ಟುತ್ತವೆ.

ನಮ್ಮ ಜಿಲ್ಲೆಯಲ್ಲಿ ವಿಜ್ಞಾನದ ಮಾತಿನಿಂದ ಸರ್ಕಾರದ ನಿರ್ಧಾರ ಬದಲಾದದ್ದು ಎಂದಾದರೂ ಉಂಟೇ?

ಉಂಟು. ಬೇಡ್ತಿ ನದಿಗೆ ಅಣೆಕಟ್ಟು ಕಟ್ಟುವ ಜಲವಿದ್ಯುತ್ ಯೋಜನೆ ಬಂದಾಗ, ಶಿರಸಿಯ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ 1981ರ ಜನವರಿಯಲ್ಲಿ ವಿಜ್ಞಾನಿಗಳನ್ನೂ ಅರ್ಥಶಾಸ್ತ್ರಜ್ಞರನ್ನೂ ಕರೆಸಿ ಯೋಜನೆಯ ಲಾಭ ನಷ್ಟಗಳ ಬಗ್ಗೆ ವಿಚಾರ ಸಂಕಿರಣ ನಡೆಸಿತು. ಮುಳುಗುವ ಕಾಡಿನ ಬೆಲೆ, ತೋಟದ ಬೆಲೆ, ಸಿಗುವ ವಿದ್ಯುತ್ತಿನ ಬೆಲೆ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ನೋಡುವ ಕೆಲಸವನ್ನು ಅಡಿಕೆ ಬೆಳೆಗಾರರ ಸಂಘವೊಂದು ತಾನಾಗಿ ಕೈಗೆತ್ತಿಕೊಂಡಿತು ಎಂಬುದು ನನಗೆ ಇಂದಿಗೂ ಹೆಮ್ಮೆಯ ಸಂಗತಿ. ಯೋಜನೆ ಕೈಬಿಟ್ಟುಹೋಯಿತು.

ಅಘನಾಶಿನಿ ಅಳಿವೆಯದು ಇನ್ನೊಂದು ಕಥೆ. ತದಡಿಯಲ್ಲಿ 4,000 ಮೆಗಾವ್ಯಾಟ್‌ನ ಉಷ್ಣವಿದ್ಯುತ್ ಸ್ಥಾವರದ ಪ್ರಸ್ತಾವ ಇದ್ದ ಕಾಲದಲ್ಲಿ ಆ ಅಳಿವೆ ಬಹಳ ಮಂದಿಯ ಕಣ್ಣಿಗೆ ಬರೀ ಕೆಸರು. ಆ ಕೆಸರಿನಿಂದ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪಿಕಲ್ಲು ಮತ್ತು ಬಳಚು ಹೊರಬರುತ್ತದೆ, ಎರಡು ಸಾವಿರಕ್ಕೂ ಹೆಚ್ಚು ಜನ ಅದರಿಂದ ಬದುಕುತ್ತಾರೆ ಎಂದು 2008ರ ಅಧ್ಯಯನವೊಂದು ಲೆಕ್ಕ ಕೊಟ್ಟಿತು. ಸೊಂಟದಷ್ಟು ನೀರಿನಲ್ಲಿ ನಿಂತು ಬಳಚು ಹೆಕ್ಕುವ ಹೆಂಗಸರಿಗೆ ಅದು ಮೊದಲೇ ಗೊತ್ತಿತ್ತು. ಆದರೆ ಕಡತಕ್ಕೆ ಅಂಕಿ ಬೇಕಾಗಿತ್ತು. ಸ್ಥಾವರ ಬರಲಿಲ್ಲ. 2024ರ ಜನವರಿಯಲ್ಲಿ ಆ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳಾದ ರಾಮ್ಸಾರ್ ತಾಣಗಳ ಪಟ್ಟಿಯಲ್ಲಿ ಇರುವುದನ್ನು ಘೋಷಿಸಲಾಯಿತು. ಎರಡೂ ಕಡೆ ಜನರ ಹೋರಾಟ ಇಲ್ಲದಿದ್ದರೆ ಅಂಕಿಗಳು ಕಡತದಲ್ಲೇ ಉಳಿಯುತ್ತಿದ್ದವು ಎಂಬುದನ್ನೂ ಮರೆಯಬಾರದು.

ನಾನು ಹತ್ತನೇ ತರಗತಿಯವರೆಗೆ ಓದಿದವ. ವಿಜ್ಞಾನಿಗಳ ಮುಂದೆ ನನ್ನ ಮಾತಿಗೆ ಏನು ಬೆಲೆ?

ಬಿದಿರಿನ ಸಂಗತಿ ಹೇಳುತ್ತೇನೆ. ದಾಂಡೇಲಿಯ ಕಾಗದ ಕಾರ್ಖಾನೆಗೆ ನಮ್ಮ ಕಾಡಿನ ಬಿದಿರು ಮೊದಮೊದಲು ಟನ್ನಿಗೆ ಒಂದೂವರೆ ರೂಪಾಯಿಯಂತೆ ಹೋಗುತ್ತಿತ್ತು. ಬುಟ್ಟಿ ಹೆಣೆಯುವ ಮೇದಾರರು ಅದೇ ಬಿದಿರಿಗೆ ಎಷ್ಟೋ ಪಾಲು ಹೆಚ್ಚು ತೆರುತ್ತಿದ್ದರು. ಬಿದಿರು ಬರಿದಾಗತೊಡಗಿದಾಗ, 1970ರ ದಶಕದ ನಡುವಿನಲ್ಲಿ, ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ತಂಡ ಅಧ್ಯಯನಕ್ಕೆ ಇಳಿಯಿತು. ಮೆಳೆಯ ಬುಡದ ಮುಳ್ಳಿನ ಹೊದಿಕೆಯನ್ನು ಸವರಿ ಚೊಕ್ಕಟ ಮಾಡಿದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆ ಎಂಬುದು ಆಗಿನ ಅಧಿಕೃತ ಪದ್ಧತಿ. ಮುಳ್ಳು ತೆಗೆದರೆ ಕಳಲೆಯನ್ನು ದನ, ಮಂಗ, ಮುಳ್ಳುಹಂದಿ ಎಲ್ಲವೂ ತಿಂದುಬಿಡುತ್ತವೆ ಎಂಬುದು ಹಳ್ಳಿಯವರ ಮಾತು. ಮೆಳೆಗಳನ್ನು ಗುರುತು ಹಾಕಿ ಎಣಿಸುತ್ತ ಹೋದಾಗ ಹಳ್ಳಿಯವರ ಮಾತೇ ಸರಿ ಎಂದು ಕಂಡುಬಂತು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಹಳ್ಳಿಯವರು ಹೇಳಿದ್ದನ್ನು ಹಾಗೆಯೇ ನಂಬಿ ಸುಮ್ಮನಾಗಲಿಲ್ಲ, ಪರೀಕ್ಷಿಸಿದರು. ಪುಸ್ತಕದಲ್ಲಿದ್ದುದನ್ನೂ ಹಾಗೆಯೇ ನಂಬಲಿಲ್ಲ, ಅದನ್ನೂ ಪರೀಕ್ಷಿಸಿದರು. ನಿಮ್ಮ ಮಾತಿಗೆ ಬೆಲೆ ಬರುವುದು ಅದು ಪರೀಕ್ಷೆಗೆ ಒಗ್ಗುವಂತೆ ಇದ್ದಾಗ. “ಮೊದಲು ಹೀಗಿರಲಿಲ್ಲ” ಎಂಬ ಮಾತು ಸಭೆಯಲ್ಲಿ ತೇಲಿಹೋಗುತ್ತದೆ. “ಈ ಹೊಳೆಯಲ್ಲಿ ಮೊದಲು ಶಿವರಾತ್ರಿಯವರೆಗೂ ನೀರಿರುತ್ತಿತ್ತು, ಕಳೆದ ಆರು ವರ್ಷದಲ್ಲಿ ಯಾವ ಯಾವ ದಿನ ಬತ್ತಿತು ಎಂದು ಬರೆದಿಟ್ಟಿದ್ದೇನೆ” ಎಂದರೆ ಅದು ದಾಖಲೆಯಾಗುತ್ತದೆ.

ವಿಜ್ಞಾನದ ಹೆಸರಿನಲ್ಲಿ ತಪ್ಪು ನೀತಿಗಳೂ ಬಂದಿಲ್ಲವೇ?

ಬಂದಿವೆ. 1980ರ ದಶಕದಿಂದ ನಮ್ಮ ಬೋಳುಗುಡ್ಡಗಳ ಮೇಲೆ ಸಾಲು ಸಾಲಾಗಿ ಎದ್ದ ಅಕೇಸಿಯಾ ನೆಡುತೋಪುಗಳನ್ನು ನೋಡಿ. ಬೇಗ ಬೆಳೆಯುತ್ತದೆ, ಗುಡ್ಡ ಹಸಿರಾಗುತ್ತದೆ, ಸೌದೆ ಸಿಗುತ್ತದೆ ಎಂಬ ಲೆಕ್ಕ ಸುಳ್ಳೇನೂ ಆಗಿರಲಿಲ್ಲ. ಆದರೆ ಸೊಪ್ಪು, ಮೇವು, ಜೇನು, ಮುರುಗಲು, ಉಪ್ಪಾಗೆ ಯಾವುದೂ ಆ ಲೆಕ್ಕದಲ್ಲಿ ಇರಲಿಲ್ಲ. ಯಾವುದನ್ನು ಅಳೆಯಬೇಕು ಎಂದು ತೀರ್ಮಾನಿಸುವಾಗಲೇ ಅರ್ಧ ನೀತಿ ತೀರ್ಮಾನವಾಗಿರುತ್ತದೆ. ಜನ ಮಧ್ಯೆ ಬರಬೇಕಾದದ್ದು ಆ ಹೊತ್ತಿನಲ್ಲಿ. ವರದಿ ಮುದ್ರಣವಾದ ಮೇಲಲ್ಲ.

## ಅಳತೆ, ಮುನ್ಸೂಚನೆ, ಮರುಪರಿಶೀಲನೆ

ಪಂಚಾಯ್ತಿಯ ಮಳೆಮಾಪಕ ಕೆಟ್ಟರೆ ನನ್ನ ಅಡಿಕೆ ವಿಮೆ ಯಾಕೆ ಕೆಡಬೇಕು?

ಈ ಪ್ರಶ್ನೆಯನ್ನು ಶಿರಸಿ ಸೀಮೆಯಲ್ಲಿ ಕೇಳಿದಷ್ಟು ಇನ್ಯಾವುದನ್ನೂ ನನ್ನಲ್ಲಿ ಕೇಳಿಲ್ಲ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ನಿಮ್ಮ ತೋಟಕ್ಕೆ ಬಂದು ಕೊಳೆ ಎಷ್ಟು ಬಿದ್ದಿದೆ ಎಂದು ಯಾರೂ ನೋಡುವುದಿಲ್ಲ. ಮಳೆ ಇಷ್ಟು ದಿನ ಇಷ್ಟು ಬಿದ್ದರೆ ಕೊಳೆ ರೋಗ ಬರುತ್ತದೆ ಎಂಬ ವೈಜ್ಞಾನಿಕ ಸಂಬಂಧವನ್ನು ಮೊದಲೇ ಒಂದು ಕೋಷ್ಟಕವಾಗಿ ಮಾಡಿಟ್ಟು, ಗ್ರಾಮ ಪಂಚಾಯ್ತಿಯ ಮಳೆಮಾಪಕ ತೋರಿಸಿದ ಅಂಕಿಯ ಮೇಲೆ ಪರಿಹಾರ ನಿಗದಿಯಾಗುತ್ತದೆ. ಸಾವಿರಾರು ತೋಟಗಳನ್ನು ತಿರುಗಿ ನೋಡುವ ಖರ್ಚು ಉಳಿಯುತ್ತದೆ, ಶಿಫಾರಸು ಲಂಚಗಳಿಗೆ ಎಡೆ ಕಡಿಮೆ. ಹೀಗಾಗಿ ಇದನ್ನು ವಿಜ್ಞಾನ ನೇರವಾಗಿ ನೀತಿಯಾದ ಉದಾಹರಣೆ ಎನ್ನಬಹುದು.

ಆ ಯಂತ್ರ ಹೇಗಿರುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದವರು ಕಡಿಮೆ. ಮೇಲೆ ಒಂದು ಆಲಿಕೆ, ಅದರ ಕೆಳಗೆ ಏತದಂತೆ ಆಚೆ ಈಚೆ ಬಾಗುವ ಎರಡು ಪುಟ್ಟ ತೊಟ್ಟಿಲು. ನಿಗದಿತ ಪ್ರಮಾಣದ ನೀರು ತುಂಬಿದೊಡನೆ ತೊಟ್ಟಿಲು ಬಾಗಿ ಚೆಲ್ಲುತ್ತದೆ. ಪ್ರತಿ ಬಾಗುವಿಕೆಯೂ ಒಂದು ಎಣಿಕೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಆ ಎಣಿಕೆ 15 ನಿಮಿಷಕ್ಕೊಮ್ಮೆ ತಾನಾಗಿ ಹೋಗುತ್ತದೆ. ಒಂದು ಪಂಚಾಯ್ತಿಯ ಅಂಗಳದಲ್ಲಿ ನಾನು ಕಂಡ ಮಾಪಕದ ಆಲಿಕೆಯ ಕಂಠದಲ್ಲಿ ಹಲಸಿನ ಎಲೆಯೊಂದು ಅಂಟಿ ಕೂತಿತ್ತು, ಅದರ ಸುತ್ತ ಜೇಡರ ಬಲೆ. ಹೊರಗೆ ಧೋ ಎಂದು ಸುರಿಯುತ್ತಿದ್ದ ಮಳೆ ಒಳಗಿನ ತೊಟ್ಟಿಲಿಗೆ ಹನಿ ಹನಿಯಾಗಿ ಇಳಿಯುತ್ತಿತ್ತು. ಸ್ಟೂಲು ಹಾಕಿ ಹತ್ತಿ ಎಲೆ ತೆಗೆಯಲು ಅರ್ಧ ನಿಮಿಷ ಸಾಕು. ಆದರೆ ಅದನ್ನು ಮುಟ್ಟುವ ಅಧಿಕಾರ ಯಾರಿಗಿದೆ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಎಲೆ ಅಲ್ಲಿದ್ದಷ್ಟು ದಿನ ಆ ಪಂಚಾಯ್ತಿಯಲ್ಲಿ ಕಾಗದದ ಮೇಲೆ ಬಿದ್ದ ಮಳೆಯೇ ಬೇರೆ, ತೋಟಕ್ಕೆ ಬಿದ್ದ ಮಳೆಯೇ ಬೇರೆ.

ಪರಿಹಾರ ಕಷ್ಟವೇನಲ್ಲ. ಪ್ರತಿ ಮಾಪಕದ ಪಕ್ಕದಲ್ಲಿ ಕೈಯಿಂದ ಅಳೆಯುವ ಸಾದಾ ಮಾಪಕ ಒಂದಿರಲಿ. ದಿನದ ಅಂಕಿ ಪಂಚಾಯ್ತಿಯ ಫಲಕದ ಮೇಲೆ ಬರಲಿ. ಎರಡರ ನಡುವೆ ದೊಡ್ಡ ಅಂತರ ಕಂಡರೆ ಇಷ್ಟು ದಿನದೊಳಗೆ ಪರಿಶೀಲನೆಯಾಗಬೇಕು ಎಂಬ ಮಾತು ವಿಮೆಯ ಕರಾರಿನಲ್ಲೇ ಇರಲಿ. ನಮ್ಮ ಸೀಮೆಯಲ್ಲಿ ದಶಕಗಳಿಂದ ಮನೆಯಂಗಳದ ಮಳೆಯನ್ನು ಬರೆದಿಡುತ್ತ ಬಂದ ತೋಟಿಗರು ಎಷ್ಟೋ ಮಂದಿ ಇದ್ದಾರೆ. ಆ ಪುಸ್ತಕಗಳನ್ನು ಮಳೆಯ ದಾಖಲೆಯಾಗಿ ಹೋಲಿಸಿ ನೋಡುವ ಏರ್ಪಾಡು ಇಂದಿನವರೆಗೂ ಇಲ್ಲದಿರುವುದು ದೊಡ್ಡ ಲೋಪ.

ಶಿರೂರಿನಲ್ಲಿ ಗುಡ್ಡ ಕುಸಿಯುತ್ತದೆ ಎಂದು ಮೊದಲೇ ಹೇಳಲು ಆಗುತ್ತಿರಲಿಲ್ಲವೇ?

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಗಂಗಾವಳಿಯವರೆಗೂ ಮಣ್ಣು ಹೋಯಿತು. ಇದೇ ದಿನ, ಇದೇ ಗಂಟೆ ಎಂದು ಹೇಳುವ ವಿಜ್ಞಾನ ಇನ್ನೂ ಇಲ್ಲ. ಯಾವ ಬಗೆಯ ಜಾಗ, ಎಂಥ ಮಳೆಗೆ ಕುಸಿಯುತ್ತದೆ ಎಂಬುದು ಮಾತ್ರ ಚೆನ್ನಾಗಿ ಗೊತ್ತಿದೆ. ನಮ್ಮ ಕರಾವಳಿಯ ಗುಡ್ಡಗಳಲ್ಲಿ ಮೇಲೆ ಚಿರೇಕಲ್ಲು, ಅದರ ಕೆಳಗೆ ಶೇಡಿ ಮಣ್ಣು. ಚಿರೇಕಲ್ಲಿನ ಮೂಲಕ ಇಳಿದ ನೀರನ್ನು ಕುಡಿದ ಶೇಡಿ ಮಣ್ಣು ಬಿಗಿ ಕಳೆದುಕೊಳ್ಳುತ್ತದೆ. ಅದರ ಬುಡವನ್ನು ಗೋಡೆಯಂತೆ ನೆಟ್ಟಗೆ ಕಡಿದರೆ ಮೇಲಿನ ಭಾರಕ್ಕೆ ಆಸರೆ ಉಳಿಯುವುದಿಲ್ಲ. ಕಾರವಾರದ ಪಕ್ಕದ ಕಡವಾಡದಲ್ಲಿ 2009ರಲ್ಲಿ, ಯಲ್ಲಾಪುರದ ಕಳಚೆಯಲ್ಲಿ 2021ರಲ್ಲಿ ನಾವು ಗುಡ್ಡ ಇಳಿದದ್ದನ್ನು ಕಂಡವರೇ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಸಿದ್ಧಪಡಿಸಿದ ಕುಸಿತದ ಸಾಧ್ಯತೆಯ ನಕ್ಷೆ 1:50,000 ಪ್ರಮಾಣದ್ದು. ಹಾಗೆಂದರೆ ನಕ್ಷೆಯ ಒಂದು ಸೆಂಟಿಮೀಟರ್ ನೆಲದ ಮೇಲೆ ಅರ್ಧ ಕಿಲೋಮೀಟರ್. 50 ಮೀಟರ್ ಉದ್ದದ ಗುಡ್ಡದ ಕಡಿತ ಅದರಲ್ಲಿ ಒಂದು ಮಿಲಿಮೀಟರ್, ಪೆನ್ಸಿಲಿನ ಗೆರೆಯಷ್ಟು. ತಾಲೂಕಿನ ಯೋಜನೆಗೆ ಅದು ಸಾಕು, ನಿಮ್ಮ ಮನೆಯ ಹಿಂದೆ ಗುಡ್ಡ ಕಡಿದು ಉಳಿದ ಧರೆಗೆ ಸಾಲದು. ಮುಂದೆ ಬರಬೇಕಾದದ್ದು ಊರಿನ ಮಟ್ಟದ ನಕ್ಷೆ. 2025ರ ಜುಲೈನಲ್ಲಿ ಉಡಾವಣೆಯಾದ ನಿಸಾರ್ ಉಪಗ್ರಹ 12 ದಿನಕ್ಕೊಮ್ಮೆ ಅದೇ ದಾರಿಗೆ ಮರಳಿ ಬಂದು, ಮೋಡ ಮುಸುಕಿದ್ದರೂ ನೆಲ ಸೆಂಟಿಮೀಟರುಗಳಷ್ಟು ಸರಿದದ್ದನ್ನು ಗುರುತಿಸಬಲ್ಲದು. ಆದರೆ ಗುಡ್ಡದ ನೆತ್ತಿಯಲ್ಲಿ ಬಿರುಕು ಬಿಟ್ಟದ್ದು, ಒರತೆ ಇದ್ದಕ್ಕಿದ್ದಂತೆ ಕದಡಿದ್ದು, ಮರ ವಾಲಿದ್ದು ಮೊದಲು ಕಾಣುವುದು ದನ ಅಟ್ಟಿಕೊಂಡು ಹೋದವರಿಗೆ. ಅವರ ದೂರವಾಣಿ ಕರೆ ಮತ್ತು ಉಪಗ್ರಹದ ಚಿತ್ರ ಒಂದೇ ಮೇಜಿಗೆ ಬರಬೇಕು. ಆ ಮೇಜಿನ ಮುಂದೆ ಕುಳಿತವರಿಗೆ ರಸ್ತೆ ಮುಚ್ಚಿಸುವ ಅಧಿಕಾರ ಇರಬೇಕು.

ಮಂಗನ ಕಾಯಿಲೆಗೆ ಲಸಿಕೆ ಹಾಕಿಸಿಕೊಂಡೆವು, ಆಮೇಲೆ ನಿಲ್ಲಿಸಿದರು. ಮತ್ತೆ ಯಾಕೆ ನಂಬಬೇಕು?

ಸಿದ್ದಾಪುರ, ಹೊನ್ನಾವರದ ಕಾಡಂಚಿನವರ ಈ ಸಿಟ್ಟು ನ್ಯಾಯವಾದದ್ದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ರೋಗ ಇದು, ಹರಡುವುದು ಉಣುಗಿನಿಂದ. ಲಸಿಕೆಯ ಪರಿಣಾಮವನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನ, ಎರಡು ಡೋಸಿನಿಂದ ಸುಮಾರು 62 ಪ್ರತಿಶತ, ಬೂಸ್ಟರ್ ಸೇರಿದರೆ ಸುಮಾರು 83 ಪ್ರತಿಶತ ರಕ್ಷಣೆ ಸಿಗುತ್ತದೆ ಎಂದು ಕಂಡಿತು. ಲಸಿಕೆಯ ಗುಣಮಟ್ಟದ ಬಗ್ಗೆ ಪ್ರಶ್ನೆಗಳೆದ್ದ ಮೇಲೆಯೂ ಅದು ವರ್ಷಗಟ್ಟಲೆ ಬಳಕೆಯಲ್ಲಿದ್ದು 2022ರಲ್ಲಿ ನಿಂತಿತು. ಹೊಸ ಲಸಿಕೆಯ ಕೆಲಸ ನಡೆದಿದೆ. ಅಲ್ಲಿಯವರೆಗೆ ಉಣುಗು ಹತ್ತದಂತೆ ಮೈಗೆ ಡೇಪಾ ಎಣ್ಣೆ ಹಚ್ಚಿಕೊಂಡು ಕಾಡಿಗೆ ಹೋಗುವುದು, ಬಂದೊಡನೆ ಬಿಸಿನೀರಿನಲ್ಲಿ ಮೀಯುವುದು, ಸತ್ತ ಮಂಗ ಕಂಡರೆ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು, ಇವೇ ದಾರಿ.

ಲಸಿಕೆ ಹಳೆಯದಾದದ್ದು ವಿಜ್ಞಾನದ ಸೋಲಲ್ಲ. ಅದು ಕೆಲಸ ಮಾಡುತ್ತಿದೆಯೇ ಎಂದು ಇಂತಿಷ್ಟು ವರ್ಷಕ್ಕೊಮ್ಮೆ ನೋಡಿ, ಕಂಡದ್ದನ್ನು ಚುಚ್ಚಿಸಿಕೊಂಡವರಿಗೆ ಹೇಳುವ ಕಟ್ಟಳೆ ನೀತಿಯಲ್ಲಿ ಇರಲಿಲ್ಲ. ಔಷಧದ ಬಾಟಲಿಗೆ ಅವಧಿ ಮುಗಿಯುವ ದಿನಾಂಕ ಇರುವಂತೆ ಆರೋಗ್ಯ ನೀತಿಗೂ ಮರುಪರಿಶೀಲನೆಯ ದಿನಾಂಕ ಇರಬೇಕು.

## ಕಠಿಣ ಪ್ರಶ್ನೆಗಳು

ಪರಿಸರ ವರದಿ ಬರೆಯುವವರಿಗೆ ಹಣ ಕೊಡುವವರು ಯೋಜನೆಯವರೇ. ಅದನ್ನು ವಿಜ್ಞಾನ ಎನ್ನಬಹುದೇ?

ಹಣ ಕೊಟ್ಟವರ ಕಾರಣಕ್ಕೆ ಪ್ರತಿ ಅಂಕಿಯೂ ಸುಳ್ಳಾಗುವುದಿಲ್ಲ. ಆದರೆ ಯಾರೂ ನೋಡದ ಪ್ರಶ್ನೆಗಳು ಹೆಚ್ಚುತ್ತವೆ. ನನ್ನನ್ನು ಬಹಳ ಕಾಡುವ ಸಂಗತಿ ಇನ್ನೊಂದಿದೆ. ಬಹಳಷ್ಟು ಬಗೆಯ ಯೋಜನೆಗಳಿಗೆ ಮಳೆಗಾಲ ಬಿಟ್ಟು ಬೇರೆ ಒಂದು ಋತುವಿನ ಅಂಕಿಅಂಶ ಸಂಗ್ರಹಿಸಿದರೆ ಸಾಕು ಎಂಬ ರೂಢಿ ಇದೆ. ವರ್ಷದ ಮಳೆಯ ಬಹುಪಾಲನ್ನು ನಾಲ್ಕೇ ತಿಂಗಳಲ್ಲಿ ಕಾಣುವ ನಮ್ಮ ಜಿಲ್ಲೆಯಲ್ಲಿ ಮಳೆಗಾಲವನ್ನು ಬಿಟ್ಟು ಹೊಳೆಯನ್ನು, ಅಳಿವೆಯನ್ನು, ಗುಡ್ಡವನ್ನು ಅಳೆದರೆ ಸಿಗುವುದು ಯಾವ ಊರಿನ ಚಿತ್ರ? ಮಾರ್ಚಿನಲ್ಲಿ ಮೊಣಕಾಲುದ್ದ ನೀರಿರುವ ಹಳ್ಳ ಜುಲೈನಲ್ಲಿ ಕಾಲುಸಂಕವನ್ನೇ ಕೊಚ್ಚಿಕೊಂಡು ಹೋಗುತ್ತದೆ.

2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನ ಮುಂಚೆ ತಿಳಿಸಬೇಕು, ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಸಾರಾಂಶ ಸಾಲದು. ಸ್ಥಳೀಯವಾಗಿ ಪರಿಣಾಮ ಬೀರುವ ಅಧ್ಯಾಯಗಳು ಪೂರ್ತಿಯಾಗಿ ಕನ್ನಡದಲ್ಲಿ ಬರಬೇಕು, ತಜ್ಞರ ಸಂಭಾವನೆ ಯೋಜನೆಯವರ ಕೈಯಿಂದ ನೇರವಾಗಿ ಹೋಗದೆ ಸ್ವತಂತ್ರ ನಿಧಿಯ ಮೂಲಕ ಹೋಗಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಗಾಡ್ಗೀಳರು ಒಂದು ಹೇಳಿದರು, ಕಸ್ತೂರಿರಂಗನ್ ಇನ್ನೊಂದು ಹೇಳಿದರು. ವಿಜ್ಞಾನಿಗಳಲ್ಲೇ ಒಮ್ಮತ ಇಲ್ಲದ ಮೇಲೆ ನಾವು ಯಾರ ಮಾತು ಕೇಳುವುದು?

ಪಶ್ಚಿಮ ಘಟ್ಟದ ರಕ್ಷಣೆಯ ಬಗ್ಗೆ ಕೇಂದ್ರ ಸರ್ಕಾರ ನೇಮಿಸಿದ ಈ ಎರಡೂ ತಂಡಗಳು ನೋಡಿದ್ದು ಒಂದೇ ಘಟ್ಟವನ್ನು. ಹಿಡಿದ ಅಳತೆಗೋಲು ಬೇರೆ. 2011ರ ಗಾಡ್ಗೀಳ್ ವರದಿ ಇಡೀ ಪಶ್ಚಿಮ ಘಟ್ಟವನ್ನು ಸೂಕ್ಷ್ಮ ಪ್ರದೇಶವೆಂದು ಕರೆದು ಅದರೊಳಗೆ ಮೂರು ವಲಯ ಮಾಡಿತು. ಅದಕ್ಕೆ ಬಳಸಿದ ಚೌಕಗಳು ಒಂದೊಂದೂ ಸುಮಾರು 9 ಕಿಲೋಮೀಟರ್ ಉದ್ದಗಲದವು. ಅಂಥ ಒಂದು ಚೌಕದೊಳಗೆ ಪೇಟೆ, ತೋಟ, ಸೊಪ್ಪಿನಬೆಟ್ಟ, ದಟ್ಟ ಕಾಡು ಎಲ್ಲವೂ ಬೀಳಬಹುದು. 2013ರ ಕಸ್ತೂರಿರಂಗನ್ ವರದಿ ಉಪಗ್ರಹದ ಸೂಕ್ಷ್ಮ ಚಿತ್ರ ಬಳಸಿ, ನಿಸರ್ಗದ ನೆಲ ಬೇರೆ, ಮನುಷ್ಯರು ಬಳಸುವ ನೆಲ ಬೇರೆ ಎಂದು ವಿಂಗಡಿಸಿ, ಘಟ್ಟದ ಸುಮಾರು 37 ಪ್ರತಿಶತ ಭಾಗವನ್ನು ಸೂಕ್ಷ್ಮವೆಂದು ಗುರುತಿಸಿತು. ನಮ್ಮ ಸೊಪ್ಪಿನಬೆಟ್ಟ ಈ ಎರಡರಲ್ಲಿ ಯಾವುದು? ತೋಟಕ್ಕೆ ಸೊಪ್ಪು ಕೊಡುವ ಬೆಟ್ಟ ನಿಸರ್ಗವೂ ಹೌದು, ಬಳಕೆಯ ನೆಲವೂ ಹೌದು. ಭಿನ್ನಾಭಿಪ್ರಾಯದ ಬೇರು ಇಂಥ ವ್ಯಾಖ್ಯೆಗಳಲ್ಲಿದೆ. ಘಟ್ಟ ಹದಗೆಡುತ್ತಿದೆ ಎಂಬ ವಿಷಯದಲ್ಲಿ ಇಬ್ಬರಿಗೂ ಅನುಮಾನವಿರಲಿಲ್ಲ.

2014ರಿಂದ 2024ರ ಜುಲೈವರೆಗೆ ಈ ಸೂಕ್ಷ್ಮ ಪ್ರದೇಶದ ಬಗ್ಗೆ ಆರು ಕರಡು ಅಧಿಸೂಚನೆಗಳು ಬಂದವು, ಕರ್ನಾಟಕ ಒಪ್ಪಲಿಲ್ಲ. ಗ್ರಾಮಸಭೆಗಳಿಂದ ಚರ್ಚೆ ಆರಂಭವಾಗಲಿ ಎಂಬುದು ಗಾಡ್ಗೀಳ್ ವರದಿಯ ಮೂಲ ಆಶಯ. ಆ ಭಾಗವನ್ನೇ ಬಿಟ್ಟು, ಮನೆ ಕಟ್ಟುವಂತಿಲ್ಲ, ದನ ಸಾಕುವಂತಿಲ್ಲ ಎಂಬ ಸುದ್ದಿ ಮಾತ್ರ ನಮ್ಮ ಊರುಗಳಿಗೆ ತಲುಪಿತು. ಎಷ್ಟೇ ಒಳ್ಳೆಯ ವಿಜ್ಞಾನವಿದ್ದರೂ ಜನರಿಗೆ ಅವರ ಭಾಷೆಯಲ್ಲಿ, ಮೊದಲೇ ಮುಟ್ಟದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೋವಿನ ಉದಾಹರಣೆ ನನಗೆ ತೋರದು.

ಅಡಿಕೆ ಕ್ಯಾನ್ಸರ್ ತರುತ್ತದೆ ಎಂದು ವಿಜ್ಞಾನ ಹೇಳಿದರೆ ನಾವು ಅಡಿಕೆಯವರು ಏನು ಮಾಡಬೇಕು?

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಇಲ್ಲದ ಅಡಿಕೆಯನ್ನೂ ಮೊದಲ ಗುಂಪಿಗೆ ಸೇರಿಸಿದೆ. ಮೊದಲ ಗುಂಪು ಎಂದರೆ ಕ್ಯಾನ್ಸರ್ ತರುತ್ತದೆ ಎನ್ನಲು ಪುರಾವೆ ಗಟ್ಟಿಯಾಗಿದೆ ಎಂದು ಅರ್ಥ. ಎಷ್ಟು ತಿಂದರೆ ಎಷ್ಟು ಅಪಾಯ ಎಂಬುದನ್ನು ಆ ಗುಂಪು ಹೇಳುವುದಿಲ್ಲ. ಅದು ಬೇರೆಯೇ ಅಧ್ಯಯನದ ವಿಷಯ. ನಾನೂ ಅಡಿಕೆ ತೋಟದ ಮನೆಯವನು. ಹಾಗಿದ್ದೂ ಹೇಳಬೇಕಾದದ್ದು ಇಷ್ಟು: ಬೇಡ್ತಿಯ ಅಣೆಕಟ್ಟಿನ ಎದುರು ನಮಗೆ ಬೆಂಬಲ ಕೊಟ್ಟ ವಿಜ್ಞಾನವನ್ನು ಒಪ್ಪಿ, ನಮ್ಮ ಬೆಳೆಯ ವಿಷಯ ಬಂದಾಗ ಅದೇ ವಿಜ್ಞಾನವನ್ನು ಪಿತೂರಿ ಎನ್ನುವುದು ಸರಿಯಲ್ಲ. ಇನ್ನೂ ಸಂಶೋಧನೆ ಆಗಲಿ ಎಂದು ಕೇಳುವ ಹಕ್ಕು ನಮಗಿದೆ. ಬಂದ ಫಲಿತಾಂಶವನ್ನು ಒಪ್ಪುವ ಹೊಣೆಯೂ ಅದರ ಜೊತೆಗೇ ಬರುತ್ತದೆ. ಸರ್ಕಾರದಿಂದ ನಾವು ಕೇಳಬೇಕಾದದ್ದು ಕಾಲಾವಕಾಶವನ್ನು, ತೋಟದೊಳಗೆ ಕಾಳುಮೆಣಸು, ಏಲಕ್ಕಿ, ಜಾಯಿಕಾಯಿಗಳಂಥ ಬೆಳೆಗಳಿಗೆ ಬೆಂಬಲವನ್ನು, ಅಡಿಕೆಯ ಬೇರೆ ಉಪಯೋಗಗಳ ಸಂಶೋಧನೆಗೆ ಹಣವನ್ನು. ಸತ್ಯವನ್ನು ಮುಚ್ಚಿಡಿ ಎಂದು ಕೇಳಬಾರದು.

ಇನ್ನು ಮುಂದೆ ಕೃತಕ ಬುದ್ಧಿಮತ್ತೆಯೇ ಎಲ್ಲ ಹೇಳುತ್ತದಲ್ಲ, ಊರವರ ಅಳತೆ ಯಾಕೆ ಬೇಕು?

ಅದು ಕಲಿಯುವುದು ಹಿಂದಿನ ದಾಖಲೆಗಳಿಂದ. ಎಲೆ ಸಿಕ್ಕಿಕೊಂಡ ಮಳೆಮಾಪಕದ ಅಂಕಿಯನ್ನು ಕೊಟ್ಟರೆ ಅದನ್ನೇ ಕಲಿಯುತ್ತದೆ. ಯಂತ್ರದ ಬೇರೆ ಬಗೆಯ ಲೆಕ್ಕಾಚಾರಕ್ಕೂ ಮಿತಿ ಇದೆ. 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ ಭಾರತ್ ಮುನ್ಸೂಚನಾ ವ್ಯವಸ್ಥೆ 6 ಕಿಲೋಮೀಟರಿನ ಚೌಕದಷ್ಟು ಸೂಕ್ಷ್ಮವಾಗಿ ಮಳೆಯನ್ನು ಅಂದಾಜು ಮಾಡುತ್ತದೆ. ಇದು ದೊಡ್ಡ ಸಾಧನೆ. ಆದರೂ ದೇವಿಮನೆ ಘಟ್ಟ ಹತ್ತುವಾಗ 6 ಕಿಲೋಮೀಟರಿನೊಳಗೆ ಮಳೆ ಎಷ್ಟು ಸಲ ಬದಲಾಗುತ್ತದೆ ಎಂದು ಕುಮಟಾ ಬಸ್ಸಿನ ಚಾಲಕರನ್ನು ಕೇಳಿ. ಇನ್ನೊಂದು ಮಾತು: ತಪ್ಪಾದರೆ ಉತ್ತರ ಕೊಡಬೇಕಾದ ಅಧಿಕಾರಿಯ ಹೆಸರು ಆದೇಶದ ಕೆಳಗೆ ಇರಲೇಬೇಕು. ಯಂತ್ರ ಹೇಳಿತು ಎಂಬುದು ಕಾರಣವಾಗಕೂಡದು.

ಸರಿ, ಮುಂದಿನ ಗ್ರಾಮಸಭೆಯಲ್ಲಿ ನಾನು ಏನು ಕೇಳಲಿ?

ನಮ್ಮ ಪಂಚಾಯ್ತಿಯ ಮಳೆಮಾಪಕವನ್ನು ಕೊನೆಯ ಸಲ ಯಾವಾಗ ಪರೀಕ್ಷಿಸಿದರು, ವರದಿ ಎಲ್ಲಿದೆ ಎಂದು ಕೇಳಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ನಮ್ಮಲ್ಲಿ ಇರಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿಯಲ್ಲಿ ಯಾರಿದ್ದಾರೆ, ಜನತಾ ಜೀವವೈವಿಧ್ಯ ದಾಖಲಾತಿಯನ್ನು ಓದಲು ಕೊಡುತ್ತೀರಾ ಎಂದು ಕೇಳಿ. ಕೊಟ್ಟರೆ ಅದರಲ್ಲಿ ನಿಮ್ಮ ಊರಿನ ಅಪ್ಪೆಮಾವು, ಕಗ್ಗ ಭತ್ತ, ಜೇನು ಇವೆಯೇ ನೋಡಿ, ಇಲ್ಲದಿದ್ದರೆ ಬರೆಸಿ. ಮಳೆಗಾಲಕ್ಕೆ ಮೊದಲು ಯಾವ ಯಾವ ಧರೆಗಳನ್ನು ನೋಡಿ ಬಂದಿರಿ ಎಂದು ಕೇಳಿ. ಕೇಳಿದ್ದು ನಡಾವಳಿ ಪುಸ್ತಕದಲ್ಲಿ ದಾಖಲಾಯಿತೇ ಎಂದು ಸಹಿ ಹಾಕುವ ಮೊದಲು ಓದಿ ನೋಡಿ. ಉತ್ತರ ಬರದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಅದೇ ಪ್ರಶ್ನೆಯನ್ನು ಮಾಹಿತಿ ಹಕ್ಕಿನಡಿ ಬರೆದು ಕಳಿಸಿ. ಸಾಮಾನ್ಯವಾಗಿ 30 ದಿನದೊಳಗೆ ಅದಕ್ಕೆ ಉತ್ತರ ಕೊಡಬೇಕು.